ಮಂಗಳೂರು ಮುತ್ತಿಗೆಯ ಕರ್ನಲ್ ಕ್ಯಾಂಪ್‌ಬೆಲ್: ಅವನದು ಯುದ್ಧದ ಸಾವೇ, ಯುದ್ಧ ಮುಗಿದ ಮೇಲಿನ ಸಾವೇ?

ಪ್ರಶ್ನೆ: ಬದಿಯಡ್ಕದ ಶಿಕ್ಷಕ

ಮಾನ್ಯರೆ,

ನಾನು ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮೈಸೂರು ಯುದ್ಧಗಳ ಪಾಠ ಮಾಡುವಾಗ, ಎರಡನೆಯ ಯುದ್ಧವು 1784ರ ಮಂಗಳೂರು ಒಪ್ಪಂದದಿಂದ ಕೊನೆಗೊಂಡಿತು ಎಂದು ಹೇಳಿ ಮುಂದಕ್ಕೆ ಹೋಗುವುದು ವಾಡಿಕೆ. ಆದರೆ ನಮ್ಮ ಮಕ್ಕಳಿಗೆ ಮಂಗಳೂರು ಪುಸ್ತಕದೊಳಗಿನ ಊರಲ್ಲ. ಆಸ್ಪತ್ರೆಗೂ, ಜವಳಿಗೂ, ಮುಂದೆ ಕಾಲೇಜಿಗೂ ಅವರು ಹೋಗುವುದು ಅಲ್ಲಿಗೇ. ಆದ್ದರಿಂದ ಒಪ್ಪಂದ ಆ ಊರಿನಲ್ಲೇ ಏಕೆ ಆಯಿತು, ಅದಕ್ಕೆ ಮೊದಲು ಅಲ್ಲಿ ಏನು ನಡೆದಿತ್ತು ಎಂದು ಅವರು ಬಿಡದೆ ಕೇಳುತ್ತಾರೆ.

ಟಿಪ್ಪು ಸುಲ್ತಾನನು 1783ರ ಮೇ ತಿಂಗಳಲ್ಲಿ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ್ದನ್ನೂ, ಒಳಗಿದ್ದ ಬ್ರಿಟಿಷ್ ದಂಡಿಗೆ ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಎಂಬ ಸ್ಕಾಟ್ಲೆಂಡಿನ ಅಧಿಕಾರಿ ಮುಖ್ಯಸ್ಥನಾಗಿದ್ದುದನ್ನೂ, 1784ರ ಜನವರಿ 30ರಂದು ಅವನು ಕೋಟೆಯನ್ನು ಒಪ್ಪಿಸಿ ಹೊರಬಂದುದನ್ನೂ ನಾನು ತರಗತಿಯಲ್ಲಿ ವಿವರಿಸಿದೆ. ಅವನು ಅದೇ ವರ್ಷ ಮಾರ್ಚ್ 23ರಂದು ಮುಂಬಯಿಯಲ್ಲಿ ತೀರಿಕೊಂಡನೆಂದು ಹೇಳಿದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ಒಪ್ಪಂದಕ್ಕೆ ಸಹಿ ಬಿದ್ದದ್ದು ಮಾರ್ಚ್ 11ಕ್ಕಲ್ಲವೇ, ಹಾಗಾದರೆ ಅವನು ಯುದ್ಧದಲ್ಲಿ ಸತ್ತವನೋ, ಯುದ್ಧ ಮುಗಿದ ಮೇಲೆ ಸತ್ತವನೋ ಎಂದು ಕೇಳಿದಳು. ಇದನ್ನು ಎರಡು ಮಾತಿನಲ್ಲಿ ಮುಗಿಸಿಬಿಡಲು ನನಗೆ ಮನಸ್ಸಾಗಲಿಲ್ಲ. ಈ ಅಧಿಕಾರಿಯ ಬದುಕನ್ನೂ ಮುತ್ತಿಗೆಯ ಒಳಗಿನ ಸ್ಥಿತಿಯನ್ನೂ ಬಲ್ಲವರು ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ. ಮಕ್ಕಳನ್ನು ಮಂಗಳೂರಿಗೆ ಕರೆದುಕೊಂಡು ಹೋದರೆ ತೋರಿಸಲು ಏನಾದರೂ ಉಳಿದಿದೆಯೇ ಎಂಬುದನ್ನೂ ತಿಳಿಸಬೇಕಾಗಿ ವಿನಂತಿ.

ಉತ್ತರ: ಕುಂಬಳೆಯ ನಿವೃತ್ತ ಉಪನ್ಯಾಸಕ

ಮಾಸ್ತರರೆ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಬಹಳ ಒಳ್ಳೆಯದು. ಅದಕ್ಕೆ ಉತ್ತರ ಕೊಡಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕಾಗುತ್ತದೆ.

ಜಾನ್ ಕ್ಯಾಂಪ್‌ಬೆಲ್ 1753ರಲ್ಲಿ ಸ್ಕಾಟ್ಲೆಂಡಿನ ಡಂಬಾರ್ಟನ್ ಪಟ್ಟಣದ ಸಮೀಪ ಹುಟ್ಟಿದವನು. ಅವನ ತಂದೆ ಲಾರ್ಡ್ ಸ್ಟೋನ್‌ಫೀಲ್ಡ್ ಎಂಬ ಪದವಿನಾಮದಿಂದ ಹೆಸರಾಗಿದ್ದ ನ್ಯಾಯಾಧೀಶ. ತಾಯಿ ಬ್ಯೂಟ್ ಎಂಬ ಶ್ರೀಮಂತ ಮನೆತನದವಳು. ಇನ್ನೂ ಇಪ್ಪತ್ತು ತುಂಬುವ ಮೊದಲೇ, 1771ರಲ್ಲಿ, ಅವನು ಸೇನೆಗೆ ಸೇರಿದ. ಅಮೆರಿಕದ ವಸಾಹತುಗಳೊಡನೆ ನಡೆದ ಯುದ್ಧದಲ್ಲಿ ಸೇವೆ ಸಲ್ಲಿಸಿ, ಆ ಬಳಿಕ ಈ ದೇಶಕ್ಕೆ ಬಂದ. ಅವನು ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿಯಲ್ಲ, ಇಂಗ್ಲೆಂಡಿನ ರಾಜನ ಸೇನೆಯ ಅಧಿಕಾರಿ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ, ಏಕೆಂದರೆ ಮುಂದಿನ ಕಥೆ ಅದರ ಮೇಲೆಯೇ ನಿಂತಿದೆ. ಅವನಿದ್ದದ್ದು 42ನೆಯ ಹೈಲ್ಯಾಂಡ್ ರೆಜಿಮೆಂಟಿನ ಎರಡನೆಯ ಬೆಟಾಲಿಯನ್ನಿನಲ್ಲಿ. ಇದೇ ಬೆಟಾಲಿಯನ್ 1786ರಲ್ಲಿ 73ನೆಯ ರೆಜಿಮೆಂಟ್ ಎಂದು ಪ್ರತ್ಯೇಕಗೊಂಡಿತು. 1782ರ ನವೆಂಬರ್ ಕೊನೆಯಲ್ಲಿ ಮಲಬಾರಿನ ಪೊನ್ನಾನಿಯಲ್ಲಿ ಟಿಪ್ಪುವಿನ ದಾಳಿಯನ್ನು ಎದುರಿಸಿ ನಿಂತ ದಂಡಿನಲ್ಲಿ ಈ ಬೆಟಾಲಿಯನ್ನೂ ಇತ್ತು. ಅಲ್ಲಿಂದ ಟಿಪ್ಪು ಹಿಂದಿರುಗಲು ಕಾರಣ, ಡಿಸೆಂಬರ್ 7ರಂದು ಚಿತ್ತೂರಿನ ಬಳಿ ಅವನ ತಂದೆ ಹೈದರ್ ಅಲಿ ತೀರಿಕೊಂಡದ್ದು.

ಹೈದರನ ಸಾವಿನ ಅವಕಾಶವನ್ನು ಬಳಸಿಕೊಳ್ಳಲು ಮುಂಬಯಿ ಸರಕಾರವು ಜನರಲ್ ಮ್ಯಾಥ್ಯೂಸನನ್ನು ಕರಾವಳಿಗೆ ಕಳುಹಿಸಿತು. ಅವನು 1783ರ ಜನವರಿಯಲ್ಲಿ ಕುಂದಾಪುರವನ್ನು ಹಿಡಿದು, ಹೊಸಂಗಡಿಯ ಘಾಟಿ ಹತ್ತಿ ಬಿದನೂರಿಗೆ, ಎಂದರೆ ಇಂದಿನ ಹೊಸನಗರ ತಾಲೂಕಿನ ನಗರಕ್ಕೆ, ಹೋದ. ಅಲ್ಲಿನ ಅಧಿಕಾರಿ ಶೇಖ್ ಅಯಾಜ್ ಯುದ್ಧವಿಲ್ಲದೆಯೇ ಊರನ್ನು ಬಿಟ್ಟುಕೊಟ್ಟ. ಮಾರ್ಚ್ 9ರಂದು ಮಂಗಳೂರು ಕೋಟೆಯೂ ಬ್ರಿಟಿಷರ ವಶವಾಯಿತು. ಇಷ್ಟು ಬೇಗ ಸಿಕ್ಕಿದ ಸಂಪತ್ತಿನ ಹಂಚಿಕೆಯಲ್ಲಿ ಜಗಳ ಹುಟ್ಟಿತು. ರಾಜನ ಸೇನೆಯ ಹಿರಿಯ ಅಧಿಕಾರಿಗಳಾದ ಮ್ಯಾಕ್ಲಿಯಡ್ ಮತ್ತು ಹಂಬರ್‌ಸ್ಟನ್ ದಂಡನ್ನು ಬಿಟ್ಟು, ಮ್ಯಾಥ್ಯೂಸನ ಮೇಲೆ ದೂರು ಕೊಡಲು ಮುಂಬಯಿಗೆ ಹೋದರು. ಹೀಗೆ ಮೇಲಿನವರು ಹೋದ ಜಾಗದಲ್ಲಿ ಮಂಗಳೂರಿನ ಹೊಣೆ ಕ್ಯಾಂಪ್‌ಬೆಲ್‌ನ ಹೆಗಲಿಗೆ ಬಿತ್ತು. ಆಗ ಅವನಿಗೆ ಮೂವತ್ತೂ ತುಂಬಿರಲಿಲ್ಲ. ಅವನ ಎದುರಿಗೆ ಬಂದ ಟಿಪ್ಪುವಿಗೂ ಅವನಿಗೂ ಇದ್ದ ವಯಸ್ಸಿನ ಅಂತರ ಎರಡು ಮೂರು ವರ್ಷಗಳಷ್ಟೇ ಎಂಬುದನ್ನು ನೆನೆದರೆ ನನಗೆ ಈಗಲೂ ಆಶ್ಚರ್ಯವಾಗುತ್ತದೆ.

ಟಿಪ್ಪು ಘಟ್ಟದ ಮೇಲಿನಿಂದ ರಭಸವಾಗಿ ಬಂದು ಏಪ್ರಿಲ್ ಕೊನೆಯ ಹೊತ್ತಿಗೆ ಬಿದನೂರನ್ನು ಮರಳಿ ಗೆದ್ದ. ಮ್ಯಾಥ್ಯೂಸ್ ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಹೋಗಿ ಅಲ್ಲಿಯೇ ಸತ್ತ. ಮೇ ಮೊದಲ ವಾರದಲ್ಲಿ ಮಂಗಳೂರಿನತ್ತ ಬಂದ ಮೈಸೂರಿನ ಮುಂಚೂಣಿಯ ತುಕಡಿಯೊಂದನ್ನು ಕ್ಯಾಂಪ್‌ಬೆಲ್ ಕೋಟೆಯಿಂದ ಹೊರಬಂದು ಚದುರಿಸಿದನಾದರೂ, ಅದೇ ತಿಂಗಳ ಮೂರನೆಯ ವಾರದಲ್ಲಿ ಸ್ವತಃ ಟಿಪ್ಪುವೇ ಮುಖ್ಯ ಸೈನ್ಯದೊಂದಿಗೆ, ಫ್ರೆಂಚ್ ತುಕಡಿಯನ್ನೂ ಕೂಡಿಕೊಂಡು, ಬಂದಿಳಿದ. ಕೋಟೆಯ ಹೊರಗಿನ ಗುಡ್ಡದ ಮೇಲಿದ್ದ ಕಾವಲು ಠಾಣೆ ಕೆಲವೇ ದಿನಗಳಲ್ಲಿ ಕೈತಪ್ಪಿತು. ಅಲ್ಲಿಂದ ಮುಂದೆ ಎಂಟು ತಿಂಗಳಿಗೂ ಮೀರಿ ಕೋಟೆಯ ಒಳಗಿನವರಿಗೆ ಹೊರಗಿನ ನೆಲದ ಮೇಲೆ ಹಕ್ಕು ಇರಲಿಲ್ಲ. ಫಿರಂಗಿ ಗುಂಡುಗಳ ಜೊತೆಗೆ ದೊಡ್ಡ ದೊಡ್ಡ ಕಲ್ಲುಗಳೂ ಗೋಡೆ ದಾಟಿ ಒಳಗೆ ಬೀಳುತ್ತಿದ್ದವು. ಗೋಡೆ ಒಡೆದಲ್ಲಿ ಮತ್ತೆ ಮತ್ತೆ ನುಗ್ಗಿದ ದಾಳಿಗಳನ್ನು ಒಳಗಿನವರು ತಡೆದು ಹಿಂದಕ್ಕಟ್ಟಿದರು.

ಇಂಗ್ಲೆಂಡಿಗೂ ಫ್ರಾನ್ಸಿಗೂ ಯೂರೋಪಿನಲ್ಲಿ ಶಾಂತಿಯಾಗಿದೆ ಎಂಬ ಸುದ್ದಿ ಜುಲೈಯಲ್ಲಿ ಇಲ್ಲಿಗೆ ತಲುಪಿದೊಡನೆ ಫ್ರೆಂಚರು ಮುತ್ತಿಗೆಯಿಂದ ಹಿಂದೆ ಸರಿದರು. ಆಗಸ್ಟ್ 2ರಂದು ಕದನವಿರಾಮಕ್ಕೆ ಸಹಿ ಬಿತ್ತು. ಕೋಟೆಯವರು ಕೊಂಡುಕೊಳ್ಳಲೆಂದು ಟಿಪ್ಪು ಹೊರಗೆ ಒಂದು ಸಂತೆಯನ್ನು ನಡೆಸಬೇಕೆಂದೂ, ಅಲ್ಲಿಂದ ಕೆಲವು ದಿನಗಳಿಗೆ ಸಾಲುವಷ್ಟು ದಿನಸಿಯನ್ನು ಮಾತ್ರ ಒಯ್ಯಬಹುದೆಂದೂ ಅದರಲ್ಲಿ ಷರತ್ತಿತ್ತು. ಬರಬರುತ್ತಾ ಸಂತೆಯಲ್ಲಿ ಬೆಲೆ ಏರಿತು, ಆಮೇಲೆ ಸಾಮಾನೇ ಬರುವುದು ನಿಂತಿತು. ಆ ದಿನಗಳ ಒಂದು ಸಂಗತಿಯನ್ನು ಸ್ಕಾಟಿಷ್ ಸೇನೆಯ ಇತಿಹಾಸಕಾರರು ದಾಖಲಿಸಿದ್ದಾರೆ. ವಿರಾಮದ ಬಳಿಕ ಟಿಪ್ಪು ಕ್ಯಾಂಪ್‌ಬೆಲ್‌ನನ್ನೂ ಅವನ ಅಧಿಕಾರಿಗಳನ್ನೂ ತನ್ನ ಡೇರೆಗೆ ಕರೆಸಿ, ಅವರ ಧೈರ್ಯವನ್ನು ಹೊಗಳಿ, ಶಾಲು ಹೊದಿಸಿದ. ಅವರು ಕೋಟೆಗೆ ಮರಳಿದ ಮೇಲೆ ಕ್ಯಾಂಪ್‌ಬೆಲ್‌ಗೆಂದು ಒಂದು ಒಳ್ಳೆಯ ಕುದುರೆಯನ್ನೂ ಕಳುಹಿಸಿದ. ಹಸಿವು ಹೆಚ್ಚಿದಾಗ ಕೋಟೆಯವರು ಆ ಕುದುರೆಯನ್ನು ಕೊಂದು ತಿಂದರು.

ನವೆಂಬರ್ ಕೊನೆಯಲ್ಲಿ ಜನರಲ್ ಆಗಿ ಮರಳಿ ಬಂದ ಮ್ಯಾಕ್ಲಿಯಡ್ ಹಡಗುಗಳೊಂದಿಗೆ ಮಂಗಳೂರಿನ ಎದುರಿಗೇ ನಿಂತಿದ್ದ. ಕೋಟೆಯ ಮೇಲಿನಿಂದ ಹಾಯಿಗಳು ಕಾಣುತ್ತಿದ್ದವು. ಆದರೆ ಕದನವಿರಾಮವನ್ನು ಮುರಿಯಬಾರದೆಂಬ ಕಾರಣಕ್ಕೆ ಅವನು ಇಳಿದು ಹೋರಾಡದೆ, ಒಂದು ತಿಂಗಳಿಗೆಂದು ಒಂದಷ್ಟು ದಿನಸಿ ಇಳಿಸಿ ಹೊರಟುಹೋದ. ಇಳಿಸಿದ ಉಪ್ಪುಮಾಂಸದಲ್ಲಿ ಬಹುಪಾಲು ನಾಯಿಯೂ ಮೂಸದಷ್ಟು ಕೊಳೆತಿತ್ತೆಂದು ಬ್ರಿಟಿಷರೇ ಬರೆದಿದ್ದಾರೆ. ಡಿಸೆಂಬರಿನಲ್ಲಿ ಅದೇ ಮ್ಯಾಕ್ಲಿಯಡ್ ಕಣ್ಣೂರಿನ ಮೇಲೆ ದಂಡೆತ್ತಿ ಹೋಗಿ ಅದನ್ನು ಗೆದ್ದುಕೊಂಡ. ಮಂಗಳೂರಿಗೆ ಸಿಗದ ಸೈನ್ಯ ಕಣ್ಣೂರಿಗೆ ಸಿಕ್ಕಿತು ಎನ್ನುವುದನ್ನು ನಾನು ಕ್ಷಮಿಸಲಾರೆ.

ಕೊನೆಗೆ ಜನವರಿ 30ರಂದು, ಆಯುಧಗಳನ್ನು ಹಿಡಿದು ಗೌರವದಿಂದ ಹೊರಡುವ ಷರತ್ತಿನ ಮೇಲೆ ಕ್ಯಾಂಪ್‌ಬೆಲ್ ಕೋಟೆಯನ್ನು ಒಪ್ಪಿಸಿದ. ಉಳಿದವರು ಹಡಗಿನಲ್ಲಿ ತಲಶ್ಶೇರಿಗೆ ಹೋದರು. ಅವನು ಅದಾಗಲೇ ಪೂರ್ತಿ ಬಳಲಿ ಕಾಯಿಲೆ ಬಿದ್ದಿದ್ದ. ಮುಂಬಯಿಗೆ ಹೋದವನು ಮತ್ತೆ ಚೇತರಿಸಿಕೊಳ್ಳಲಿಲ್ಲ.

ಉತ್ತರ: ಮಂಜೇಶ್ವರದ ವೈದ್ಯೆ

ಮೇಲಿನ ಉತ್ತರ ತುಂಬ ಉಪಯುಕ್ತವಾಗಿದೆ, ಸರ್. ಒಳಗಿನವರು ಯಾವುದರಿಂದ ಸತ್ತರು ಎಂಬುದನ್ನು ವೈದ್ಯಕೀಯದ ಕಡೆಯಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಾಸ್ತರರ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಮೊದಲು ತಿಂಗಳುಗಳನ್ನು ನೋಡೋಣ. ಮುತ್ತಿಗೆ ಶುರುವಾದದ್ದು ಮೇ ಮೂರನೆಯ ವಾರದಲ್ಲಿ. ಹದಿನೈದು ದಿನ ಕಳೆಯುವಷ್ಟರಲ್ಲಿ ನಮ್ಮ ಕರಾವಳಿಯಲ್ಲಿ ಮಳೆ ಹಿಡಿಯುತ್ತದೆ. ಹಾಯಿಹಡಗುಗಳ ಆ ಕಾಲದಲ್ಲಿ ಮಳೆಗಾಲ ಎಂದರೆ ಬಂದರು ಮುಚ್ಚಿದ ಹಾಗೆಯೇ. ಅಳಿವೆಯ ಬಾಯಲ್ಲಿ ಅಲೆ ಏಳುವಾಗ ದೋಣಿ ದಾಟಿಸುವುದು ಎಷ್ಟು ಕಷ್ಟ ಎಂಬುದು ಮಂಜೇಶ್ವರದಲ್ಲಿಯೋ ಕುಂಬಳೆಯಲ್ಲಿಯೋ ಇರುವವರಿಗೆ ಹೇಳಬೇಕಾಗಿಲ್ಲ. ಆದ್ದರಿಂದ ಜೂನ್‌ನಿಂದ ಸುಮಾರು ಆಗಸ್ಟ್ ಕೊನೆಯವರೆಗೆ ಕಡಲಿನ ಕಡೆಯಿಂದ ನೆರವು ಬರುವ ದಾರಿಯೇ ಇರಲಿಲ್ಲ. ಕದನವಿರಾಮದ ಆಗಸ್ಟ್ 2 ಎಂಬ ದಿನ ನಮ್ಮ ತುಳುನಾಡಿನ ಆಟಿ ತಿಂಗಳೊಳಗೆ ಬರುತ್ತದೆ. ಹಿಂದಿನ ಕಾಲದಲ್ಲಿ ಗದ್ದೆ ಇರುವ ಮನೆಯವರಿಗೂ ಆಟಿಯಲ್ಲಿ ಅಕ್ಕಿ ಮುಗಿಯುತ್ತಿತ್ತು. ಹಲಸಿನ ಬೀಜ, ಕೆಸುವಿನ ಎಲೆ, ತಜಂಕ್, ತಿಮರೆ ಸೊಪ್ಪುಗಳಿಂದ ದಿನ ದೂಡುತ್ತಿದ್ದರೆಂದು ನಮ್ಮ ಅಜ್ಜಿಯಂದಿರೆಲ್ಲ ಹೇಳುತ್ತಾರೆ. ಹೊರಗಿದ್ದ ಊರವರಿಗೆ ಆ ಸೊಪ್ಪಾದರೂ ಸಿಗುತ್ತಿತ್ತು. ಗೋಡೆಯ ಒಳಗೆ ಸಾವಿರಾರು ಜನ ಉಪ್ಪುಮಾಂಸ ಮತ್ತು ಅಕ್ಕಿಯ ಮೇಲೆಯೇ ಬದುಕಬೇಕಾಗಿತ್ತು.

ಹಣ್ಣು ತರಕಾರಿ ಏನೂ ಇಲ್ಲದೆ ಎರಡು ಮೂರು ತಿಂಗಳು ಕಳೆದರೆ ಸಿ ಜೀವಸತ್ವದ ಕೊರತೆಯಿಂದ ಸ್ಕರ್ವಿ ರೋಗ ಬರುತ್ತದೆ. ವಸಡು ಬಾತು ರಕ್ತ ಒಸರುತ್ತದೆ, ಹಲ್ಲು ಅಲುಗಾಡುತ್ತದೆ, ಕಾಲಿನ ಚರ್ಮದ ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿ ಕಪ್ಪಾಗುತ್ತದೆ, ಮಾಗಿದ್ದ ಹಳೆಯ ಗಾಯಗಳು ಮತ್ತೆ ತೆರೆದುಕೊಳ್ಳುತ್ತವೆ. ರೋಗ ಬಲಿತವನು ಸ್ವಲ್ಪ ಶ್ರಮಪಟ್ಟರೂ ಇದ್ದಕ್ಕಿದ್ದಂತೆ ಕುಸಿದು ಸಾಯಬಹುದು. ಮಂಗಳೂರಿನ ಮುತ್ತಿಗೆಯನ್ನು ಕುರಿತ ಬ್ರಿಟಿಷ್ ಇತಿಹಾಸಗಳು ಹೇಳುವುದೂ ಇದನ್ನೇ: ಸಿಪಾಯಿಗಳು ಬಂದೂಕನ್ನು ಹೆಗಲಿಗೆ ಏರಿಸುವಾಗಲೇ ನೆಲಕ್ಕುರುಳುತ್ತಿದ್ದರು, ಹಲವರಿಗೆ ಕಣ್ಣೇ ಕಾಣದಂತಾಯಿತು. ಕಣ್ಣಿನ ತೊಂದರೆಗೆ ಸ್ಕರ್ವಿಯೊಂದೇ ಸಾಲದು. ಸೊಪ್ಪು, ಹಾಲು, ತುಪ್ಪ ಯಾವುದೂ ಇಲ್ಲದೆ ಎ ಜೀವಸತ್ವ ಕಡಿಮೆಯಾದರೆ ಮೊದಲು ಇರುಳುಗುರುಡು, ಆಮೇಲೆ ಪೂರ್ತಿ ಕುರುಡು ಬರುತ್ತದೆ. ಎರಡು ಕೊರತೆಗಳೂ ಒಟ್ಟಿಗೆ ಇದ್ದವೆಂದು ತಿಳಿದರೆ ಆ ವರ್ಣನೆ ಸರಿಯಾಗಿ ಹೊಂದುತ್ತದೆ.

ಇದಕ್ಕೆ ಮದ್ದು ಗೊತ್ತಿರಲಿಲ್ಲವೆಂದಲ್ಲ. ಜೇಮ್ಸ್ ಲಿಂಡ್ ಎಂಬ ನೌಕಾಪಡೆಯ ವೈದ್ಯನು 1747ರಲ್ಲಿ ಹಡಗಿನ ರೋಗಿಗಳಿಗೆ ಕಿತ್ತಳೆ, ನಿಂಬೆ ಕೊಟ್ಟು ಪರೀಕ್ಷಿಸಿ, 1753ರಲ್ಲಿ, ಎಂದರೆ ಕ್ಯಾಂಪ್‌ಬೆಲ್ ಹುಟ್ಟಿದ ವರ್ಷವೇ, ಅದನ್ನು ಪ್ರಕಟಿಸಿದ್ದ. ಆದರೆ ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ನಿಯಮವಾಗಿ ಕೊಡಲಾರಂಭಿಸಿದ್ದು 1795ರಲ್ಲಿ. ಆ ತಡದೊಳಗೆ ಮಂಗಳೂರಿನ ಈ ಸಾವುಗಳೂ ಬಿದ್ದಿವೆ. ಕಂಚಿಹುಳಿಯೂ ನೆಲ್ಲಿಕಾಯಿಯೂ ಮನೆಮನೆಯ ಹಿತ್ತಿಲಲ್ಲಿ ಬೆಳೆಯುವ ಈ ಊರಿನಲ್ಲಿ, ಗೋಡೆಯ ಆಚೆಗೆ ಕೂಗಳತೆಯಲ್ಲಿ ಮದ್ದು ಇದ್ದು, ಒಳಗಿನವರು ಅದಿಲ್ಲದೆ ಸತ್ತರು. ನನ್ನನ್ನು ಕೇಳಿದರೆ, ಮುತ್ತಿಗೆಯಿಂದ ಬಂದ ಕಾಯಿಲೆಯಲ್ಲಿ ಸತ್ತವನು ಮುತ್ತಿಗೆಯಿಂದಲೇ ಸತ್ತವನು. ಗುಂಡು ತಗಲಿ ಸತ್ತವನಿಗೂ ಅವನಿಗೂ ಮರಣಪತ್ರದಲ್ಲಿ ಕಾರಣ ಬೇರೆಯಾಗಬಹುದು, ಯುದ್ಧ ಬೇರೆಯಲ್ಲ.

ಉತ್ತರ: ಉಪ್ಪಳದ ಓದುಗ

ಎಲ್ಲರಿಗೂ ನಮಸ್ಕಾರ. ಚರ್ಚೆಯನ್ನು ಗೌರವದಿಂದ ಓದಿದೆ. ಆದರೂ ಒಂದು ಮಾತನ್ನು ಹೇಳಲೇಬೇಕು. ಮಂಗಳೂರು ಕ್ಯಾಂಪ್‌ಬೆಲ್‌ನ ಊರಾಗಿರಲಿಲ್ಲ. ಹೈದರ್ ಅಲಿ ಬಿದನೂರಿನ ಕೆಳದಿ ರಾಜ್ಯವನ್ನು ಗೆದ್ದ ಮೇಲೆ ಮಂಗಳೂರು ಮೈಸೂರಿನ ಮುಖ್ಯ ಬಂದರಾಯಿತು. ಅವನ ಹಡಗುಗಳು ತಯಾರಾಗುತ್ತಿದ್ದದ್ದೂ ಇಲ್ಲಿಯೇ. ಅದನ್ನು ಬ್ರಿಟಿಷರು ಬಂದು ಹಿಡಿದಾಗ ಟಿಪ್ಪು ಮರಳಿ ಪಡೆಯಲು ಹೊರಟದ್ದರಲ್ಲಿ ತಪ್ಪೇನು? ಮಕ್ಕಳಿಗೆ ಪಾಠ ಮಾಡುವಾಗ ಕೋಟೆಯ ಒಳಗಿನ ಕಷ್ಟವನ್ನಷ್ಟೇ ಹೇಳಿದರೆ, ಮುತ್ತಿಗೆ ಹಾಕಿದವನು ಅನ್ಯಾಯಗಾರನೆಂದೂ ಒಳಗೆ ಕೂತವನು ಮನೆಯ ಯಜಮಾನನೆಂದೂ ಅವರಿಗೆ ಅನ್ನಿಸೀತು.

ಟಿಪ್ಪುವಿಗೂ ಈ ಮುತ್ತಿಗೆ ಅಗ್ಗವಾಗಿ ಮುಗಿಯಲಿಲ್ಲ. ಅವನ ಮುಖ್ಯ ಸೈನ್ಯ ಮಳೆಗಾಲವೆಲ್ಲ ಮಂಗಳೂರಿನ ಕೆಸರಿನಲ್ಲಿ ಕೂತಿತ್ತು. ಅದೇ ವೇಳೆಗೆ ದಕ್ಷಿಣದಲ್ಲಿ ಬ್ರಿಟಿಷರ ಕರ್ನಲ್ ಫುಲ್ಲರ್ಟನ್ ನವೆಂಬರಿನಲ್ಲಿ ಪಾಲಕ್ಕಾಡಿನ ಕೋಟೆಯನ್ನೂ ಆಮೇಲೆ ಕೊಯಮತ್ತೂರನ್ನೂ ಹಿಡಿದ. ಹಾಗಿದ್ದರೂ ಒಪ್ಪಂದದಲ್ಲಿ ಟಿಪ್ಪು ತಲೆ ತಗ್ಗಿಸಲಿಲ್ಲ. ಮದರಾಸಿನಿಂದ ಸ್ಯಾಡ್ಲಿಯರ್, ಸ್ಟಾಂಟನ್, ಹಡಲ್‌ಸ್ಟನ್ ಎಂಬ ಮೂವರು ಪ್ರತಿನಿಧಿಗಳು ಘಟ್ಟ ಇಳಿದು ಅವನ ಬಿಡಾರಕ್ಕೇ ಬಂದು ಸಹಿ ಹಾಕಿದರು. ಗೆದ್ದುಕೊಂಡದ್ದನ್ನು ಇಬ್ಬರೂ ಮರಳಿಸುವುದೆಂದು ತೀರ್ಮಾನವಾಯಿತು. ಕಲ್ಕತ್ತದಲ್ಲಿದ್ದ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನಿಗೆ ಆ ಒಪ್ಪಂದ ಸ್ವಲ್ಪವೂ ಹಿಡಿಸಲಿಲ್ಲ ಎಂಬುದೇ ಅದು ಯಾರಿಗೆ ಗೌರವ ತಂದಿತೆಂದು ತೋರಿಸುತ್ತದೆ.

ಹಾಗೆಂದು ಟಿಪ್ಪುವಿನ ಕಡೆಯ ಎಲ್ಲವನ್ನೂ ನಾನು ಒಪ್ಪುವವನಲ್ಲ. ಯುದ್ಧದಲ್ಲಿ ಬ್ರಿಟಿಷರಿಗೆ ನೆರವಾದರೆಂಬ ಆರೋಪದ ಮೇಲೆ ಕೆನರಾದ ಕ್ರೈಸ್ತರನ್ನು ಅದೇ 1784ರಲ್ಲಿ ಸಾವಿರ ಸಾವಿರ ಸಂಖ್ಯೆಯಲ್ಲಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಬಹಳ. ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಆ ನೆನಪು ಇಂದಿಗೂ ಮಾಸಿಲ್ಲ. ಒಬ್ಬ ಅಧಿಕಾರಿಯ ಸಾವನ್ನು ಯುದ್ಧದ ಲೆಕ್ಕಕ್ಕೆ ಸೇರಿಸುವುದಾದರೆ ಇವರನ್ನೂ ಸೇರಿಸಬೇಕು. ಇದು ನನ್ನ ವಿನಂತಿ.

ಮರುಮಾತು: ಬದಿಯಡ್ಕದ ಶಿಕ್ಷಕ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಉಪ್ಪಳದವರ ಮಾತನ್ನು ತರಗತಿಯಲ್ಲಿ ಖಂಡಿತವಾಗಿ ಸೇರಿಸುತ್ತೇನೆ. ಅದು ಇಲ್ಲದಿದ್ದರೆ ಪಾಠ ಒಂದು ಕಾಲಿನ ಮೇಲೆ ನಿಂತಂತಾಗುತ್ತಿತ್ತು. ವೈದ್ಯರು ಸಿಪಾಯಿಗಳ ಮಾತೆತ್ತಿದ್ದಾರೆ. ಕೋಟೆಯ ಒಳಗಿದ್ದವರಲ್ಲಿ ಭಾರತೀಯರು ಎಷ್ಟು ಮಂದಿ ಇದ್ದರು, ಅವರು ಯಾವ ಕಡೆಯವರು, ಅವರಿಗೆ ಆಮೇಲೆ ಏನಾಯಿತು ಎಂಬುದನ್ನು ಯಾರಾದರೂ ತಿಳಿಸಬಹುದೇ? ಕ್ಯಾಂಪ್‌ಬೆಲ್‌ನಿಗೆ ಹುಟ್ಟಿದ ಊರು, ತಂದೆತಾಯಿ, ಸತ್ತ ದಿನ ಎಲ್ಲವೂ ಸಿಕ್ಕಿತು. ಅವರ ವಿಷಯದಲ್ಲಿ ಮಕ್ಕಳಿಗೆ ಏನು ಹೇಳಲಿ?

ಉತ್ತರ: ಪೆರ್ಲದ ಮಾಜಿ ಸೈನಿಕ

ಮಾಸ್ತರರೆ, ಸೈನ್ಯದಲ್ಲಿ ಬಹುಕಾಲ ಇದ್ದವನಾದ್ದರಿಂದ ಇದಕ್ಕೆ ಉತ್ತರಿಸುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ.

ಕೋಟೆಯೊಳಗಿನ ಜನಸಂಖ್ಯೆಯ ಲೆಕ್ಕ ಬರಹದಿಂದ ಬರಹಕ್ಕೆ ಬದಲಾಗುತ್ತದೆ. ಹೆಚ್ಚಾಗಿ ಉಲ್ಲೇಖವಾಗುವ ಲೆಕ್ಕದಲ್ಲಿ ಯೂರೋಪಿಯನ್ನರು ಸುಮಾರು 700, ಭಾರತೀಯರು 2,800ಕ್ಕಿಂತ ಹೆಚ್ಚು. ಯಾವ ಲೆಕ್ಕವನ್ನು ಹಿಡಿದರೂ ಒಂದು ಸಂಗತಿ ಬದಲಾಗುವುದಿಲ್ಲ: ಮಂಗಳೂರನ್ನು ಕಾಯ್ದವರಲ್ಲಿ ಬಹುಪಾಲು ಜನ ಈ ದೇಶದವರು. ಅವರು ಮುಂಬಯಿ ಸೈನ್ಯದ ಸಿಪಾಯಿಗಳು. ಅವರಲ್ಲಿ 8ನೆಯ ಬೆಟಾಲಿಯನ್ನಿನ ಹೆಸರನ್ನು ಮುಖ್ಯವಾಗಿ ಹೇಳಬೇಕು. ಮಂಗಳೂರಿನಲ್ಲಿ ತೋರಿದ ಶೌರ್ಯಕ್ಕಾಗಿ ಆ ಬೆಟಾಲಿಯನ್ನಿಗೆ ಗ್ರೆನೇಡಿಯರ್ ಎಂಬ ಬಿರುದು ದೊರೆಯಿತು. ಅದು ಮುಂದೆ ಮುಂಬಯಿ ಗ್ರೆನೇಡಿಯರ್ಸ್ ಎನಿಸಿಕೊಂಡು, ಹಲವು ಬಾರಿ ಹೆಸರು ಬದಲಾಯಿಸಿ, ಇಂದಿನ ಭಾರತೀಯ ಸೇನೆಯ ಗ್ರೆನೇಡಿಯರ್ಸ್ ರೆಜಿಮೆಂಟಿನ ಮೂಲಗಳಲ್ಲಿ ಒಂದಾಯಿತು. ಮಂಗಳೂರು ಎಂಬ ಊರಿನ ಹೆಸರು ಆ ರೆಜಿಮೆಂಟಿನ ಯುದ್ಧಗೌರವಗಳ ಸಾಲಿನಲ್ಲಿ ದಾಖಲಾಗಿದೆ. ಅದೇ ಹೆಸರು ಕ್ಯಾಂಪ್‌ಬೆಲ್‌ನ 73ನೆಯ ರೆಜಿಮೆಂಟಿಗೂ, 1881ರಲ್ಲಿ ಅದು ಸೇರಿಹೋದ ಬ್ಲ್ಯಾಕ್ ವಾಚ್ ರೆಜಿಮೆಂಟಿಗೂ ಸಂದಿದೆ. ನಮ್ಮ ಕರಾವಳಿಯ ಒಂದು ಊರಿನ ಹೆಸರನ್ನು ಎರಡು ದೇಶಗಳ ಸೈನಿಕರು ಹೊತ್ತಿದ್ದಾರೆ ಎಂದು ಮಕ್ಕಳಿಗೆ ಹೇಳಿ, ಅವರಿಗೆ ಅದು ಹಿಡಿಸುತ್ತದೆ.

ನಾಯಕನ ಬಗ್ಗೆಯೂ ಒಂದು ಮಾತು. ಆಹಾರ ಮುಗಿದು, ಅರ್ಧಕ್ಕೂ ಹೆಚ್ಚು ಜನ ಮಲಗಿದ್ದಾಗ, ಬೇರೆ ಬೇರೆ ಭಾಷೆಯ, ಬೇರೆ ಬೇರೆ ಜಾತಿಮತದ, ಉಣ್ಣುವ ಊಟವೂ ಬೇರೆಯಾದ ಜನರನ್ನು ಬಂಡಾಯವಿಲ್ಲದೆ ಎಂಟು ತಿಂಗಳು ಒಟ್ಟಿಗೆ ಹಿಡಿದಿಡುವುದು ಬರೀ ಹುದ್ದೆಯ ಬಲದಿಂದ ಆಗುವ ಕೆಲಸವಲ್ಲ. ಹಡಗುಗಳು ಎದುರಿಗೆ ಬಂದು ಹಿಂದಿರುಗಿದಾಗಲೂ ಅವನು ತನ್ನ ಜನರ ಮುಖವನ್ನು ನೋಡಬೇಕಾಗಿತ್ತು. ಮುಂಬಯಿ, ಮದರಾಸು, ಕಲ್ಕತ್ತ ಎಂಬ ಮೂರು ಸರಕಾರಗಳು ಮೂರು ರೀತಿ ಯೋಚಿಸುತ್ತಿದ್ದಾಗ ಅದರ ಬೆಲೆಯನ್ನು ತೆತ್ತದ್ದು ಆ ಕೋಟೆ. ಹೋರಾಡಿ ಎಂದು ಹೇಳುವವರಿಲ್ಲ, ಬಿಟ್ಟುಬನ್ನಿ ಎಂದು ಹೇಳುವವರೂ ಇಲ್ಲ. ಕೊನೆಗೆ ತನ್ನ ಅಧಿಕಾರಿಗಳ ಅಭಿಪ್ರಾಯ ಕೇಳಿ, ಉಳಿದವರ ಜೀವವನ್ನು ಉಳಿಸಲು ಕೋಟೆಯನ್ನು ಒಪ್ಪಿಸುವ ನಿರ್ಧಾರವನ್ನು ಅವನೇ ಹೊರಬೇಕಾಯಿತು. ನಾನು ಅವನ ಕಡೆಯವನಲ್ಲ, ಆದರೂ ಆ ನಿರ್ಧಾರಕ್ಕೆ ತಲೆಬಾಗುತ್ತೇನೆ. ಇನ್ನೂ ಹದಿನೈದು ದಿನ ಹಟ ಹಿಡಿದಿದ್ದರೆ ಅವನ ಕೀರ್ತಿ ಬೆಳೆಯುತ್ತಿತ್ತೋ ಏನೋ, ಸಿಪಾಯಿಗಳಂತೂ ಉಳಿಯುತ್ತಿರಲಿಲ್ಲ.

ಸಾವಿನ ಪ್ರಶ್ನೆಗೆ ಸೈನ್ಯದ ರೂಢಿ ಸ್ಪಷ್ಟವಾಗಿದೆ. ರಣರಂಗದಲ್ಲಿ ಆದ ಗಾಯದಿಂದಲೋ ಅಲ್ಲಿ ಅಂಟಿದ ಕಾಯಿಲೆಯಿಂದಲೋ ಮನೆಯಲ್ಲಿ ಸತ್ತರೂ ಅದನ್ನು ಸೇವೆಯ ಕಾರಣದ ಸಾವೆಂದೇ ನಾವು ತಿಳಿಯುತ್ತೇವೆ. ಕ್ಯಾಂಪ್‌ಬೆಲ್‌ನನ್ನು ಹಾಗೆ ಎಣಿಸಿದರೆ, ತಲಶ್ಶೇರಿಗೆ ಹೋದ ಮೇಲೆ ಸತ್ತ ಸಿಪಾಯಿಯನ್ನೂ, ಕಣ್ಣು ಕಳೆದುಕೊಂಡು ಕೊಂಕಣದ ತನ್ನ ಹಳ್ಳಿಗೆ ಮರಳಿದವನನ್ನೂ ಹಾಗೆಯೇ ಎಣಿಸಬೇಕು. ಕೋಟೆಯ ಹೊರಗೆ ಮಳೆಯಲ್ಲಿ ನಿಂತು ಸತ್ತ ಮೈಸೂರಿನ ಕನ್ನಡದ ಕಾಲಾಳುಗಳೂ ಅದೇ ಲೆಕ್ಕಕ್ಕೆ ಬರುತ್ತಾರೆ.

ಉತ್ತರ: ಕುಂಬಳೆಯ ನಿವೃತ್ತ ಉಪನ್ಯಾಸಕ

ಮಾಜಿ ಸೈನಿಕರು ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಇನ್ನು ಮಾಸ್ತರರ ಕೊನೆಯ ಪ್ರಶ್ನೆ, ತೋರಿಸಲು ಏನಿದೆ ಎಂಬುದು.

ಆ ಕೋಟೆ ಈಗ ಇಲ್ಲ. ಅದನ್ನು ಕೆಡವಿ ಹಾಕಿದ್ದು ಟಿಪ್ಪುವೇ. 1801ರ ಆರಂಭದಲ್ಲಿ, ಕಂಪೆನಿಗಾಗಿ ಈ ಪ್ರದೇಶಗಳ ಸಮೀಕ್ಷೆ ನಡೆಸುತ್ತಿದ್ದ ಫ್ರಾನ್ಸಿಸ್ ಬುಕನನ್ ಮಲಬಾರಿನಿಂದ ನಮ್ಮ ಹೊಸದುರ್ಗ, ಬೇಕಲ, ಕಾಸರಗೋಡು, ಕುಂಬಳೆ, ಮಂಜೇಶ್ವರದ ದಾರಿಯಾಗಿ ಮಂಗಳೂರಿಗೆ ಹೋದಾಗ ಕೋಟೆ ಆಗಲೇ ನೆಲಸಮವಾಗಿತ್ತು. ಇಂತಹ ಕೋಟೆಗಳು ತನಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ, ಶತ್ರುವಿನ ಕೈಗೆ ಸಿಕ್ಕಿದರೆ ಮರಳಿ ಪಡೆಯುವುದು ಬಲು ಕಷ್ಟ ಎಂದು ಟಿಪ್ಪು ಅನುಭವದಿಂದ ಕಂಡುಕೊಂಡನೆಂಬ ಅರ್ಥದ ವಿವರಣೆ ಬುಕನನ್‌ನ ಬರಹದಲ್ಲಿದೆ. ಕ್ಯಾಂಪ್‌ಬೆಲ್ ಮಂಗಳೂರಿನ ಮೇಲೆ ಬಿಟ್ಟುಹೋದ ಅತಿ ದೊಡ್ಡ ಗುರುತು ಇದೇ ಎಂದು ನನಗೆ ತೋರುತ್ತದೆ: ಅವನ ಮುತ್ತಿಗೆಯ ಪಾಠದಿಂದಾಗಿ ಊರಿನ ಕೋಟೆಯೇ ಹೋಯಿತು.

ಮಕ್ಕಳಿಗೆ ತೋರಿಸಲು ಬೋಳೂರಿನಲ್ಲಿ ಗುರುಪುರ ನದಿಯ ದಂಡೆಯ ಸುಲ್ತಾನ್ ಬತ್ತೇರಿ ಇದೆ. ಅದು ಮುತ್ತಿಗೆಯ ಕೋಟೆಯಲ್ಲ, ನದಿಯೊಳಗೆ ಶತ್ರುವಿನ ಹಡಗು ನುಗ್ಗದಂತೆ ಟಿಪ್ಪು ಕಟ್ಟಿಸಿದ ಕಾವಲು ಬುರುಜು ಎಂಬುದನ್ನು ಅವರಿಗೆ ಸ್ಪಷ್ಟವಾಗಿ ಹೇಳಬೇಕು. ಬಂದೂಕು ಇಡುವ ಕಿಂಡಿಗಳಿಂದ ನದಿಯ ಕಡೆಗೆ ನೋಡಿದರೆ ಅಳಿವೆ ಯಾವ ದಿಕ್ಕಿಗಿದೆ, ಹಡಗು ಎಲ್ಲಿ ನಿಲ್ಲಬೇಕಾಗಿತ್ತು, ಮಳೆಗಾಲದಲ್ಲಿ ದೋಣಿ ಏಕೆ ದಾಟುವುದಿಲ್ಲ ಎಂಬುದು ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ. ಕ್ಯಾಂಪ್‌ಬೆಲ್‌ನ ಸ್ಮಾರಕ ಇರುವುದು ಮುಂಬಯಿಯ ಸೇಂಟ್ ಥಾಮಸ್ ಚರ್ಚಿನಲ್ಲಿ. ಮಂಗಳೂರಿನ ರಕ್ಷಕನೆಂದು ಕಂಪೆನಿಯವರೇ ಅವನಿಗೆ ಅದನ್ನು ಮಾಡಿಸಿಕೊಟ್ಟರು.

ವಿದ್ಯಾರ್ಥಿನಿಗೆ ಇನ್ನೊಂದು ವಿವರವನ್ನೂ ತಿಳಿಸಿ. ಒಪ್ಪಂದದ ಪ್ರಕಾರ ಎರಡೂ ಕಡೆಯ ಸೆರೆಯಾಳುಗಳ ಬಿಡುಗಡೆ ಆಗಬೇಕಿತ್ತು. 1780ರಲ್ಲಿ ಪೊಲ್ಲಿಲೂರಿನ ಕದನದಲ್ಲಿ ಸೆರೆ ಸಿಕ್ಕಿ ಶ್ರೀರಂಗಪಟ್ಟಣದಲ್ಲಿ ಸಂಕೋಲೆಯಲ್ಲಿದ್ದ ಬ್ರಿಟಿಷ್ ಅಧಿಕಾರಿ ಡೇವಿಡ್ ಬೇರ್ಡ್ ಬಿಡುಗಡೆಯಾದದ್ದು ಆ 1784ರ ಮಾರ್ಚ್ ತಿಂಗಳಲ್ಲಿಯೇ. ಹದಿನೈದು ವರ್ಷಗಳ ಬಳಿಕ, 1799ರ ಮೇ 4ರಂದು, ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ದಂಡಿಗೆ ಮುಂದಾಳಾಗಿದ್ದವನು ಇದೇ ಬೇರ್ಡ್. ಆ ವರ್ಷದ ಯುದ್ಧದಲ್ಲಿ ಕ್ಯಾಂಪ್‌ಬೆಲ್‌ನ ಹಳೆಯ 73ನೆಯ ರೆಜಿಮೆಂಟೂ ಇತ್ತು. ಆ ಗೆಲುವಿನ ನಂತರವೇ ನಮ್ಮ ಕಾಸರಗೋಡನ್ನೂ ಒಳಗೊಂಡ ಕೆನರಾ ಜಿಲ್ಲೆ ಕಂಪೆನಿಯ ಕೈಗೆ ಬಂದು, ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರನಾಗಿ ಬಂದ. ನಾಲ್ಕನೆಯ ಯುದ್ಧದ ಪಾಠಕ್ಕೆ ನೀವು ಇಲ್ಲಿಂದಲೇ ನೇರವಾಗಿ ಹೋಗಬಹುದು.